ದೇವರ ಮನೆಯ ಬಾಗಿಲಿನ ಸೆನ್ಸರ್

ಕಳ್ಳರ ಅಲಾರಂ ಹಾಕಿಸಿಕೊಳ್ಳುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. 'ಎಷ್ಟು ವರ್ಷ ಬಾಳಿಕೆ ಬತ್ತದೆ?' ಅರಕಲಗೂಡಿನಲ್ಲೂ ಅದೇ, ದುದ್ದದಲ್ಲೂ ಅದೇ, ಹಾಸನದ ಹೊಸ ಬಡಾವಣೆಯ ಮೂರಂತಸ್ತಿನ ಮನೆಯಲ್ಲೂ ಅದೇ. ಕಳ್ಳ ಬಂದರೆ ಕೂಗುತ್ತದೆಯೇ ಎಂದು ಕೇಳುವವರು ಕಡಿಮೆ. ಕುಕ್ಕರ್ ಕೊಂಡರೂ ಬಾಳಿಕೆ ಕೇಳುವ ಜನ ನಾವು, ಅಲಾರಮ್ಮಿಗೆ ಬೇರೆ ಪ್ರಶ್ನೆ ಎಲ್ಲಿಂದ ತರಬೇಕು? ನಾನೂ ಒಂದೇ ಉತ್ತರ ಇಟ್ಟುಕೊಂಡಿದ್ದೇನೆ. 'ನೀವು ನೋಡ್ಕಂಡಂಗೆ.'

ಹೊಳೆನರಸೀಪುರದ ಒಂದು ಎಲೆಕ್ಟ್ರಿಕಲ್ ಅಂಗಡಿಯವರು ಇವನ್ನು ತರಿಸಿ ಮಾರುತ್ತಾರೆ. ನಾನು ಅವರ ಪರವಾಗಿ ಮನೆಮನೆಗೆ ಹೋಗಿ ಜೋಡಿಸಿ ಬರುತ್ತೇನೆ. ಕಡಿಮೆ ಬೆಲೆಯ ಸೆಟ್ಟು. ತಂತಿಯ ಕೆಲಸವಿಲ್ಲ, ಗೋಡೆ ಒಡೆಯುವ ಗೋಜಿಲ್ಲ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಡಬ್ಬಿಯೊಳಗೆ ಗೋಡೆಗೆ ಹಾಕುವ ಒಂದು ಪೆಟ್ಟಿಗೆ, ಒಂದು ಸೈರನ್, ಎರಡು ರಿಮೋಟು, ಬಾಗಿಲಿಗೆ ಅಂಟಿಸುವ ನಾಲ್ಕು ಸೆನ್ಸರು. ಪೆಟ್ಟಿಗೆಯೊಳಗೆ ಒಂದು ಸಿಮ್ ಹಾಕಿದರೆ ಮನೆಯವರ ಫೋನಿಗೂ ಕರೆ ಹೋಗುತ್ತದೆ.

ಬಾಗಿಲಿನ ಸೆನ್ಸರಿನಲ್ಲಿ ಎರಡು ತುಂಡುಗಳಿರುತ್ತವೆ. ಬ್ಯಾಟರಿ ಇರುವ ಉದ್ದನೆಯ ತುಂಡನ್ನು ಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು, ಆಯಸ್ಕಾಂತವಿರುವ ಪುಟ್ಟ ತುಂಡನ್ನು ಬಾಗಿಲಿಗೆ. ಬಾಗಿಲು ಮುಚ್ಚಿದ್ದಾಗ ಎರಡೂ ಪಕ್ಕಪಕ್ಕ ಇರುತ್ತವೆ. ಬಾಗಿಲು ತೆರೆದರೆ ಒಂದರಿಂದ ಒಂದು ದೂರವಾಗುತ್ತದೆ, ಆಗ ಅದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ, ಸೈರನ್ ಕೂಗುತ್ತದೆ. ಇಷ್ಟೇ ವಿದ್ಯೆ.

ಇದರ ದೋಷಗಳೂ ನನಗೆ ಗೊತ್ತು. ರೀಚಾರ್ಜ್ ಮಾಡದಿದ್ದರೆ ಸಿಮ್ ಸಾಯುತ್ತದೆ. ಪದೇ ಪದೇ ಕರೆಂಟು ಹೋಗುವ ಊರಿನಲ್ಲಿ ಪೆಟ್ಟಿಗೆಯ ಬ್ಯಾಟರಿ ಎರಡು ವರ್ಷಕ್ಕೆಲ್ಲ ಸುಸ್ತಾಗುತ್ತದೆ. ಅಂಗಡಿ ಶೆಟರಿನ ರಿಮೋಟನ್ನು ನಕಲು ಮಾಡಿಕೊಡುವವರ ಹತ್ತಿರ ಹೋದರೆ ಇದರ ರಿಮೋಟಿಗೂ ಒಂದು ತಮ್ಮನನ್ನು ಮಾಡಿಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡ ದೋಷ ಬೇರೆ ಇದೆ. ಇದರ ಸೆನ್ಸರು ತನ್ನ ಕಷ್ಟವನ್ನು ತಾನು ಹೇಳಿಕೊಳ್ಳುವುದಿಲ್ಲ. ಬೆಲೆ ಬಾಳುವ ಸೆಟ್ಟುಗಳಲ್ಲಿ ಸೆನ್ಸರು ಆಗಾಗ ಪೆಟ್ಟಿಗೆಗೆ 'ನಾನಿದ್ದೇನೆ' ಎಂದು ಹೇಳುತ್ತಿರುತ್ತದೆ. ಇದರಲ್ಲಿ ಅದಿಲ್ಲ. ಬ್ಯಾಟರಿ ಮುಗಿದರೂ ಸುಮ್ಮನೆ, ಕಳಚಿ ಬಿದ್ದರೂ ಸುಮ್ಮನೆ, ಎಲ್ಲ ಸರಿಯಿದ್ದರೂ ಸುಮ್ಮನೆ. ಮನೆಯವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಅದಕ್ಕೇ ಪ್ರತಿ ಯುಗಾದಿಗೆ ಬ್ಯಾಟರಿ ಬದಲಿಸಿ, ಬಾಗಿಲು ಒಂದೊಂದನ್ನೇ ತೆರೆದು ಸೈರನ್ ಕೂಗಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಹೂಂ ಅನ್ನುತ್ತಾರೆ, ಮರೆಯುತ್ತಾರೆ.

ನನ್ನ ಕೆಲಸದಲ್ಲಿ ಬಂಡವಾಳ ಎಂದರೆ ಸ್ಕೂಟರೂ ಅಲ್ಲ, ಡ್ರಿಲ್ಲಿಂಗ್ ಮಷಿನ್ನೂ ಅಲ್ಲ. ಜನರ ನಂಬಿಕೆ. ನನ್ನಪ್ಪ ಇಂಥ ಮನೆಗಳ ಕಣದಲ್ಲಿ ರಾಗಿ ಬಡಿದವನು, ಹಿತ್ತಿಲಲ್ಲಿ ಕಾಯಿ ಸುಲಿದವನು. ಅಂಗಳ ದಾಟಿದವನಲ್ಲ. ನಾನು ಐಟಿಐ ಓದಿ ಅದೇ ಮನೆಗಳ ನಡುಮನೆಗೆ, ಮಲಗುವ ಕೋಣೆಗೆ, ಬೀರು ಇರುವ ಮೂಲೆಗೆ ಚಪ್ಪಲಿ ಬಿಟ್ಟು ಹೋಗಿ ಬರುತ್ತೇನೆ. ಯಾವ ಮನೆಯ ಯಾವ ಕಿಟಕಿಯ ಚಿಲಕ ಸಡಿಲ ಎಂಬುದು ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಒಂದು ಸಲ ಈ ನಂಬಿಕೆ ಹೋದರೆ ನನ್ನನ್ನು ಬಾಗಿಲ ಹತ್ತಿರವೂ ಯಾರೂ ಬಿಟ್ಟುಕೊಳ್ಳುವುದಿಲ್ಲ.

ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ದೊಡ್ಡ ಮನೆಗೆ ಒಂದು ಶ್ರಾವಣದಲ್ಲಿ ಸೆಟ್ಟು ಹಾಕಲು ಹೋದೆ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಒಟ್ಟಿಗಿದ್ದ ತುಂಬಿದ ಮನೆ. ತೆಂಗಿನ ತೋಟ, ಡೈರಿಗೆ ಹಾಲು, ಪೇಟೆಯಲ್ಲಿ ಗೊಬ್ಬರದ ವ್ಯಾಪಾರ. ಯಜಮಾನರು ಗಟ್ಟಿ ಆಳು, ಮಾತು ಕಡಿಮೆ. ಅವರ ಹೆಂಡತಿಯನ್ನು ಊರೆಲ್ಲ ಅಮ್ಮಾವ್ರು ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಮುಂಬಾಗಿಲು, ಹಿಂಬಾಗಿಲು, ಮಹಡಿಯ ಬಾಗಿಲು ಮೂರಕ್ಕೂ ಸೆನ್ಸರ್ ಹಾಕಿ, ಸ್ಕ್ರೂ ಬಿಗಿದು, ಕೂಗಿಸಿ ತೋರಿಸಿದೆ. ಮೊಮ್ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದವು. ಅಮ್ಮಾವ್ರು ಕಾಫಿ ಕೊಟ್ಟು, ಕೇಳಿಯೇ ಕೇಳುತ್ತಾರೆ ಎಂದು ನಾನು ಕಾದಿದ್ದ ಮಾತನ್ನು ಕೇಳಿದರು.

'ಯಾವೂರಪ್ಪ ನಿಂದು?'

ಊರು ಹೇಳಿದೆ.

'ಆ ಊರಲ್ಲಿ ಯಾರ ಪೈಕಿ?'

ಅಪ್ಪನ ಹೆಸರನ್ನೂ ಕೇರಿಯನ್ನೂ ಹೇಳಿದೆ. ನಾನು ಸುಳ್ಳು ಹೇಳುವುದಿಲ್ಲ, ಹೇಳಿದವರು ಸಿಕ್ಕಿಬಿದ್ದು ಅನುಭವಿಸುವುದನ್ನೂ ನೋಡಿದ್ದೇನೆ. ಅವರು 'ಓ' ಎಂದರು. ಮುಖದಲ್ಲಿ ಸಿಟ್ಟಾಗಲಿ ಅಸಹ್ಯವಾಗಲಿ ಕಾಣಲಿಲ್ಲ. ಲೋಟ ಮಾತ್ರ ನಾನೇ ತೊಳೆದಿಡಲಿ ಎಂಬಂತೆ ನಲ್ಲಿಯ ಕಡೆ ನೋಡಿದರು. ತೊಳೆದಿಟ್ಟೆ.

ಉಳಿದದ್ದು ನಾಲ್ಕನೆಯ ಸೆನ್ಸರು. ನಡುಮನೆಯ ಪಕ್ಕದಲ್ಲಿ ದೇವರ ಮನೆ, ಅದರಿಂದ ಹಿತ್ತಿಲಿನ ಹೂವಿನ ಗಿಡಗಳ ಕಡೆಗೆ ಒಂದು ಸಣ್ಣ ಬಾಗಿಲು. ಬೆಳಿಗ್ಗೆ ಪೂಜೆಗೆ ಹೂವು ತರಲು ಮಾಡಿಸಿಕೊಂಡದ್ದು. ಆ ಮನೆಯ ಒಡವೆಯ ಪೆಟ್ಟಿಗೆಯೂ ದೇವರ ಮನೆಯಲ್ಲೇ ಇತ್ತು. ಕಳ್ಳನಾದವನು ನೋಡುವುದಾದರೆ ಮೊದಲು ಆ ಬಾಗಿಲನ್ನೇ ನೋಡುತ್ತಾನೆ. ನಾನು ಡ್ರಿಲ್ಲಿಂಗ್ ಮಷಿನ್ ಹಿಡಿದು ಹೊಸ್ತಿಲ ಹತ್ತಿರ ಹೋದಾಗ ಅಮ್ಮಾವ್ರು ಮೆಲ್ಲಗೆ ಹೇಳಿದರು.

'ಅಲ್ಲಿಗೆ ಬ್ಯಾಡ ಕಣಪ್ಪ. ದೇವ್ರ ಮನೆ. ನಮ್ಮ ಯಜಮಾನ್ರೇ ಅಂಟಿಸ್ತಾರೆ, ನೀನು ಇಲ್ಲಿಂದ್ಲೇ ಏಳ್ಕೊಡು.'

ಒರಟಾಗಿ ಹೇಳಿದ್ದರೆ ನಾನು ಸಾಮಾನು ಕಟ್ಟಿಕೊಂಡು ಬಂದುಬಿಡುತ್ತಿದ್ದೆನೋ ಏನೋ. ಮಗನಿಗೆ ಹೇಳಿದ ಹಾಗೆ ಹೇಳಿದರು. ನಮ್ಮ ಮನೆಯಲ್ಲಿ ದೇವರ ಮನೆ ಎಂದು ಬೇರೆ ಇಲ್ಲ, ಗೋಡೆಯ ಮೇಲೆ ಒಂದು ಬುದ್ಧನ ಪಟ ಇದೆ, ಅದರ ಕೆಳಗೇ ನಾವು ಉಣ್ಣುತ್ತೇವೆ, ಮಲಗುತ್ತೇವೆ. ಆದರೂ ಆ ಹೊಸ್ತಿಲಲ್ಲಿ ನಿಂತಾಗ ನನಗೆ ಬಂದದ್ದು ಸಿಟ್ಟು, ಬರೀ ಸಿಟ್ಟು.

ಯಜಮಾನರು ಒಳಗೆ ಹೋದರು. ನಾನು ಹೊರಗಿನಿಂದ ಹೇಳುತ್ತಾ ಹೋದೆ. ಎರಡು ತುಂಡಿನ ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದು ಇರಬಾರದು, ಗೀಟು ಇರುವ ಕಡೆ ಎದುರುಬದುರು ಬರಬೇಕು. ಅವರು ಸ್ಕ್ರೂ ಹಾಕುವವರಲ್ಲ, ಹಿಂದಿದ್ದ ಡಬಲ್ ಟೇಪಿನ ಕಾಗದ ಕಿತ್ತು ಒತ್ತಿದರು. ಶ್ರಾವಣದ ಪೂಜೆಗೆಂದು ಚೌಕಟ್ಟಿಗೆ ಎಣ್ಣೆ ಅರಿಶಿನ ಬಳಿದಿದ್ದರು. ಹತ್ತು ಅಡಿ ದೂರದಿಂದಲೂ ಅದು ಹೊಳೆಯುವುದು ನನಗೆ ಕಾಣುತ್ತಿತ್ತು. ಎಣ್ಣೆ ಇರುವ ಮರಕ್ಕೆ ಈ ಟೇಪು ಒಂದು ತಿಂಗಳು ನಿಂತರೆ ಹೆಚ್ಚು.

'ಸ್ಕ್ರೂ ಹಾಕಿದ್ರೆ ಒಳ್ಳೇದು ಸಾ' ಎಂದೆ.

'ಬಡಗಿ ಬತ್ತಾನೆ, ಆಕ್ಸಾನ ಬಿಡು' ಎಂದರು.

ಎಣ್ಣೆ ಒರೆಸಿ ಅಂಟಿಸಿ ಎಂದು ಹೇಳಲು ಒಂದೇ ಒಂದು ಮಾತು ಸಾಕಾಗಿತ್ತು. ಬಾಯಿಯವರೆಗೂ ಬಂತು. ಬೇರೆ ಯಾವ ಮನೆಯಲ್ಲಾದರೂ ಹೇಳುತ್ತಿದ್ದೆ, ನಾನೇ ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದೆ. ಅಲ್ಲಿ ಹೇಳಲಿಲ್ಲ. ಬಿದ್ದರೆ ಬೀಳಲಿ, ಅವರ ಬಾಗಿಲು ಅವರ ದೇವರು ಎಂದುಕೊಂಡೆ. ಬಾಗಿಲು ತೆರೆಸಿದೆ, ಸೈರನ್ ಕೂಗಿತು. ರಿಮೋಟು ಕೊಟ್ಟು, ಯುಗಾದಿಗೆ ಬರುತ್ತೇನೆ ಎಂದು ಹೇಳಿ ಹೊರಟೆ.

ಯುಗಾದಿಗೆ ಮೊದಲೇ ಹೋಗಬೇಕಾಯಿತು. ಮಾಘ ಮಾಸದಲ್ಲಿ ಆ ಮನೆಯವರೆಲ್ಲ ಹಾಸನದ ಒಂದು ಛತ್ರಕ್ಕೆ ಮದುವೆಗೆ ಹೋಗಿದ್ದರು. ಅಲಾರಂ ಆನ್ ಮಾಡಿ, ಬೀಗ ಹಾಕಿಕೊಂಡೇ ಹೋಗಿದ್ದರು. ಸಂಜೆ ಬಂದು ನೋಡಿದರೆ ಹೂವಿನ ಬಾಗಿಲಿನ ಚಿಲಕ ಮುರಿದಿತ್ತು, ಒಡವೆಯ ಪೆಟ್ಟಿಗೆ ಬರಿದಾಗಿತ್ತು. ಅದರಲ್ಲಿ ಅಮ್ಮಾವ್ರ ತವರಿನ ಚಿನ್ನದ ಅವಲಕ್ಕಿ ಸರ ಇತ್ತು, ಅವರ ಅವ್ವ ಹಾಕಿಕೊಂಡಿದ್ದು. ಮಟಮಟ ಮಧ್ಯಾಹ್ನ, ಎದುರು ಮನೆಯಲ್ಲಿ ಜನ ಕಾಯಿ ಕೊಬ್ಬರಿ ಒಣಗಿಸಿಕೊಂಡು ಕೂತಿದ್ದರು. ಸೈರನ್ ಕೂಗಿದ್ದರೆ ಊರಿಗೆ ಊರೇ ಓಡಿ ಬರುತ್ತಿತ್ತು. ಅದು ಕೂಗಲಿಲ್ಲ.

ಮಾರನೇ ದಿನ ನನಗೆ ಠಾಣೆಯಿಂದ ಫೋನ್ ಬಂತು. ಮೂರು ದಿನ ಬೆಳಿಗ್ಗೆ ಹೋಗಿ ಬೆಂಚಿನ ಮೇಲೆ ಕೂತು ಸಂಜೆ ಬಂದೆ. ಹೊಡೆಯಲಿಲ್ಲ, ಬೈಯಲಿಲ್ಲ, ಆ ಮಾತನ್ನು ಹೇಳಲೇಬೇಕು. ಅಧಿಕಾರಿ ಕೇಳಿದ್ದನ್ನೇ ಕೇಳಿದರು.

'ಅಲಾರಂ ಹಾಕ್ದೋನು ಯಾರು?'

'ನಾನೇ ಸರ್.'

'ರಿಮೋಟ್ ನಕಲು ಮಾಡ್ಬಹುದಾ?'

'ಮಾಡ್ಬಹುದು ಸರ್.'

'ಯಾವ ಬಾಗಿಲು ಎಲ್ಲಿದೆ, ಒಡವೆ ಪೆಟ್ಟಿಗೆ ಎಲ್ಲಿದೆ, ಎಲ್ಲ ನಿಂಗೆ ಗೊತ್ತು. ಚಿಲಕ ಮುರ್ದೋರು ಮುಂಬಾಗ್ಲಿಗೆ ಹೋಗ್ಲಿಲ್ಲ, ಸೀದಾ ಆ ಬಾಗ್ಲಿಗೇ ಹೋದ್ರು. ಅಲಾರಂ ಬೇರೆ ಕೂಗ್ಲಿಲ್ಲ. ನೀನು ನನ್ನ ಜಾಗದಲ್ಲಿದ್ರೆ ಯಾರನ್ನ ಕೇಳ್ತಿದ್ದೆ?'

ನನ್ನನ್ನೇ ಕೇಳುತ್ತಿದ್ದೆ.

ಆ ಮೂರು ದಿನದಲ್ಲಿ ಸುದ್ದಿ ನನಗಿಂತ ಮೊದಲು ಎಲ್ಲ ಕಡೆ ತಲುಪಿತ್ತು. ಅರಕಲಗೂಡಿನ ಒಬ್ಬ ಮೇಡಂ ಫೋನ್ ಮಾಡಿ, ತಮ್ಮ ಮನೆಯ ಅಲಾರಂ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋಗಿ, ದುಡ್ಡು ವಾಪಸ್ ಬೇಡ ಎಂದರು. ಅಂಗಡಿಯವರು 'ಸ್ವಲ್ಪ ದಿನ ಬರ್ಬೇಡಿ, ತಪ್ಪು ತಿಳ್ಕೋಬೇಡಿ' ಎಂದರು. ಅಪ್ಪ ಊರಿನಿಂದ ಬಂದು ನಮ್ಮ ಮನೆಯ ಜಗುಲಿಯ ಮೇಲೆ ಕೂತಿದ್ದ. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

'ಅವ್ರ ಮನೆ ಒಳಿಕೆಲ್ಲ ಓಗಿದ್ಯೇನ್ಲಾ?' ಎಂದು ಕೇಳಿದ.

'ಓಗ್ದೆ ಕೆಲ್ಸ ಎಂಗಪ್ಪ ಆಯ್ತದೆ?'

'ನಾವು ಆಚೆ ನಿಂತ್ಕಂಡೇ ಬದುಕುದ್ವಿ ಕಣ್ಲಾ. ಯಾವ್ನೂ ಕಳ್ಳ ಅನ್ಲಿಲ್ಲ.'

ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೊರಗೆ ಹೋಗಿಬಿಟ್ಟೆ. ಅವನು ಹೇಳಿದ್ದರಲ್ಲಿ ನಿಜವೂ ಇತ್ತು, ಅದಕ್ಕೇ ಅಷ್ಟು ಸಿಟ್ಟು. ಹೆಂಡತಿ ನಾನು ಠಾಣೆಗೆ ಹಾಕಿಕೊಂಡು ಹೋಗುವ ಅಂಗಿಯನ್ನು ಮೂರು ದಿನವೂ ಒಗೆದು ಇಸ್ತ್ರಿ ಮಾಡಿಟ್ಟಳು.

ನಾಲ್ಕನೇ ದಿನ ಬೆಳಿಗ್ಗೆ ಅಧಿಕಾರಿ ನನ್ನನ್ನು ಜೀಪಿನಲ್ಲಿ ಆ ಮನೆಗೇ ಕರೆದುಕೊಂಡು ಹೋದರು. ಅಲಾರಂ ಎಲ್ಲೆಲ್ಲಿ ಹಾಕಿದ್ದೆ ಎಂದು ಸ್ಥಳದಲ್ಲೇ ತೋರಿಸಬೇಕಿತ್ತು. ಊರಿನ ಐದಾರು ಜನ ದೊಡ್ಡವರನ್ನೂ ಸಾಕ್ಷಿಗೆ ಕರೆಸಿದ್ದರು. ಮೂರು ಬಾಗಿಲು ತೋರಿಸಿದೆ. ನಾಲ್ಕನೆಯದಕ್ಕೆ ದೇವರ ಮನೆಯ ಹೊಸ್ತಿಲವರೆಗೆ ಹೋಗಿ ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ, ಕಾಲು ತಾನಾಗಿಯೇ ನಿಂತಿತು.

'ಯಾಕೆ ನಿಂತೆ? ಒಳಗೆ ಹೋಗಿ ತೋರ್ಸು' ಎಂದರು ಅಧಿಕಾರಿ.

ನಾನು ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಸಾಕ್ಷಿಗೆ ಬಂದ ದೊಡ್ಡವರಲ್ಲಿ ಒಬ್ಬರು ಕೆಮ್ಮಿದರು. ಅಷ್ಟು ಜನರ ಎದುರು ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಆಗಲಿಲ್ಲ, ಬಾಯಿಬಿಟ್ಟು ಹೇಳದೆ ನಡೆಯುವಾಗ ಮಾತ್ರ ಯಾರಿಗೂ ಕಷ್ಟವಿರುವುದಿಲ್ಲ. ಮಾತಾಡಿದವರು ಅಮ್ಮಾವ್ರು. ಗಂಡಸರ ಹಿಂದೆ ಕಂಬದ ಹತ್ತಿರ ನಿಂತಿದ್ದವರು ಮುಂದೆ ಬಂದರು.

'ಅವ್ನು ಇದ್ರೊಳಿಕೆ ಬಂದಿಲ್ಲ ಸ್ವಾಮಿ. ಅವತ್ತು ಬತ್ತಿದ್ದ, ನಾನೇ ಬ್ಯಾಡ ಅಂದೆ. ಇವ್ರು ಅಂಟಿಸಿದ್ದು. ಅವ್ನು ಇಲ್ಲೇ ಆಚೆ ನಿಂತಿದ್ದ.'

'ಯಾಕೆ ಬೇಡ ಅಂದ್ರಿ?'

'ಯಾಕೆ ಅಂತ ನಿಮ್ಗೆ ಗೊತ್ತಿಲ್ವಾ ಸ್ವಾಮಿ' ಎಂದರು ಅವರು. 'ಕುಲ ನೋಡಿ ಬ್ಯಾಡ ಅಂದೆ.'

ಅಧಿಕಾರಿ ಅದನ್ನು ಬರೆದುಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ, 'ಸೆನ್ಸರ್ ಎಲ್ಲಿ? ಬಾಗ್ಲಲ್ಲಿ ಇಲ್ವಲ್ಲ' ಎಂದರು. ಕಳ್ಳರೇ ಕಿತ್ತುಕೊಂಡು ಹೋಗಿದ್ದಾರೆ ಎಂದು ಯಜಮಾನರು ತಿಳಿದುಕೊಂಡಿದ್ದರು. ಅಮ್ಮಾವ್ರು ಒಳಗೆ ಹೋದರು. ದೇವರ ಪಟಗಳ ಪಕ್ಕದ ಗೂಡಿನಿಂದ ಒಂದು ಹಿತ್ತಾಳೆ ತಟ್ಟೆ ತಂದರು.

ತಟ್ಟೆಯಲ್ಲಿ ಸೆನ್ಸರ್ ಇತ್ತು. ಎರಡು ತುಂಡುಗಳನ್ನೂ ಒಂದಕ್ಕೊಂದು ತಾಗುವಂತೆ ಅಚ್ಚುಕಟ್ಟಾಗಿ ಜೋಡಿಸಿ ಇಟ್ಟಿದ್ದರು. ಎರಡಕ್ಕೂ ಅರಿಶಿನ ಕುಂಕುಮ. ಆಯುಧಪೂಜೆಯ ದಿನದ ಒಣಗಿದ ಸೇವಂತಿಗೆಯ ಎಸಳು ಇನ್ನೂ ಅಂಟಿಕೊಂಡಿತ್ತು.

'ಗೌರಿ ಹಬ್ಬಕ್ಕೆ ಬಾಗ್ಲು ತೊಳೀವಾಗ ಚೌಕಟ್ಟಿಂದು ಬಿದ್ದೋಯ್ತು, ಬಾಗ್ಲಿಂದ್ನೂ ನಾನೇ ಕಿತ್ತು ಜೊತೇಲಿಟ್ಟೆ. ಬಿಸಾಕಕ್ಕೆ ಮನ್ಸು ಬರ್ನಿಲ್ಲ. ಮನೆ ಕಾಯೋ ವಸ್ತು, ದೇವ್ರ ಮುಂದೆ ಇದ್ರೂ ಕಾಯ್ತದೆ ಅನ್ಕಂಡೆ. ಇವ್ರಿಗೂ ಏಳ್ನಿಲ್ಲ' ಎಂದರು. ಆಮೇಲೆ ನನ್ನ ಕಡೆ ತಿರುಗಿದರು. 'ನಿನ್ನ ಕರ್ಸವ ಅಂತ ಫೋನ್ ಕೈಗೆ ತಗಂಡೆ ಕಣಪ್ಪ. ಬಂದೋನ್ನ ಮತ್ತೆ ವಸ್ಲಿ ಆಚೆ ನಿಲ್ಸಬೇಕಲ್ಲ, ಎಂಗೆ ಕರೀಲಿ ಅಂತ ಸುಮ್ನಾಗ್ಬುಟ್ಟೆ.'

ಅವರು ತಟ್ಟೆಯನ್ನು ನೆಲಕ್ಕಿಡಲಿಲ್ಲ. ಸೆನ್ಸರನ್ನು ತಮ್ಮ ಕೈಯಿಂದ ನನ್ನ ಕೈಗೆ ಇಟ್ಟರು. ಅಧಿಕಾರಿ ಯಜಮಾನರಿಗೆ ಹೇಳಿ ಅಲಾರಂ ಆನ್ ಮಾಡಿಸಿದರು. ನಾನು ಎರಡು ತುಂಡುಗಳನ್ನು ಬೇರೆ ಮಾಡಿದೆ. ಸೈರನ್ ಕೂಗಿತು. ಆ ತಾರಸಿ ಕಿತ್ತುಹೋಗುವ ಹಾಗೆ ಕೂಗಿತು. ಹಿತ್ತಿಲ ಹಲಸಿನ ಮರದ ಕಾಗೆಗಳೆಲ್ಲ ಎದ್ದವು, ಎದುರು ಮನೆಯವರು ಓಡಿ ಬಂದರು. ಯಜಮಾನರು ರಿಮೋಟು ಒತ್ತುವುದನ್ನೂ ಮರೆತು ನಿಂತಿದ್ದರು.

ಸೈರನ್ ನಿಂತ ಮೇಲೆ ಅಮ್ಮಾವ್ರು ಕೇಳಿದರು. 'ಅಂಗಾರೆ ಇದು ಕೆಟ್ಟಿರ್ನಿಲ್ವೇನಪ್ಪ?'

'ಇಲ್ಲ ಅಮ್ಮಾ. ಚೆನ್ನಾಗೇ ಇತ್ತು. ಬಾಗ್ಲಲ್ಲಿ ಇರ್ನಿಲ್ಲ, ಅಷ್ಟೇ.'

ತುಂಡುಗಳು ಜೊತೆಯಲ್ಲಿದ್ದಷ್ಟು ದಿನವೂ ಅದರ ಪಾಲಿಗೆ ಬಾಗಿಲು ಮುಚ್ಚಿಯೇ ಇತ್ತು. ಬಾಗಿಲು ಒಡೆದಾಗಲೂ. ಅದನ್ನು ಬಿಡಿಸಿ ಹೇಳಿದಾಗ ಅಮ್ಮಾವ್ರು ಹೊಸ್ತಿಲ ಮೇಲೆ ಕೂತುಬಿಟ್ಟರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವ್ವನನ್ನು ಕರೆದು ಅತ್ತರು.

ನನ್ನನ್ನು ಅಲ್ಲಿಂದಲೇ ಕಳಿಸಿದರು. 'ನೀನು ಹೋಗಪ್ಪ, ಇನ್ನು ಕರೆಯಲ್ಲ' ಎಂದರು ಅಧಿಕಾರಿ. ಬಸ್ಸಿಗೆ ರಸ್ತೆಯವರೆಗೆ ನಡೆದು ಬಂದೆ. ಬಿಡುಗಡೆಯಾದ ಸಂತೋಷ ಇತ್ತು, ಇಲ್ಲವೆನ್ನಲಾರೆ. ಆದರೆ ನಾನು ಕಳ್ಳನಲ್ಲ ಎಂಬುದಕ್ಕೆ ಸಿಕ್ಕ ಸಾಕ್ಷಿ ಏನು? ನನ್ನನ್ನು ಒಳಗೆ ಬಿಟ್ಟಿರಲಿಲ್ಲ ಎಂಬುದು. ನನ್ನ ಹದಿನೈದು ವರ್ಷದ ಕೆಲಸ, ಒಬ್ಬರ ಮನೆಯ ಒಂದು ಗುಂಡುಸೂಜಿಯನ್ನೂ ಮುಟ್ಟದ ನನ್ನ ಕೈ, ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ರಸ್ತೆ ಬದಿಯ ಮೋರಿಯ ಮೇಲೆ ಕೂತು ನಾನೂ ಅತ್ತೆ.

ಆ ಸರ ಸಿಗಲಿಲ್ಲ. ಕಳ್ಳರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಂಗಡಿಯವರು ಮತ್ತೆ ಕರೆದರು, ಅರಕಲಗೂಡಿನ ಮೇಡಂ ಮಾತ್ರ ಕರೆಯಲಿಲ್ಲ. ಆ ವರ್ಷ ಯುಗಾದಿಗೆ ನಾಲ್ಕು ದಿನ ಇರುವಾಗ ಅಮ್ಮಾವ್ರ ಫೋನ್ ಬಂತು. ಹೋಗದಿರಬೇಕು ಎಂದುಕೊಂಡೆ, ಹೋದೆ. ಹೂವಿನ ಬಾಗಿಲಿನ ಚೌಕಟ್ಟನ್ನು ಅವರು ಸೀಗೆಪುಡಿ ಹಾಕಿ ಉಜ್ಜಿ ಒಣಗಿಸಿ ಇಟ್ಟಿದ್ದರು.

'ಒಳಿಕೆ ಬಾಪ್ಪ. ನೀನೇ ಆಕು' ಎಂದರು. ಯಜಮಾನರು ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ತಲೆ ಎತ್ತಲಿಲ್ಲ, ಬೇಡವೆನ್ನಲೂ ಇಲ್ಲ.

ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ನಾಲ್ಕು ಸ್ಕ್ರೂ ಬಿಗಿದೆ. ಹೊಸ ಸೆನ್ಸರ್ ತಂದಿದ್ದೆ, ಅವರು ಹಳೆಯದನ್ನೇ ಹಾಕು ಎಂದರು. ಮರ ನಯವಾಗಿತ್ತು, ಬೆರಳಿಗೆ ಎಣ್ಣೆ ತಾಗಲಿಲ್ಲ. ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಆಗ ಹೇಳಬಹುದಿತ್ತು. ಅಮ್ಮಾ, ಅವತ್ತು ಈ ಚೌಕಟ್ಟಿನಲ್ಲಿ ಎಣ್ಣೆ ಇದ್ದದ್ದು ನನಗೆ ಕಂಡಿತ್ತು, ಬೀಳುತ್ತದೆ ಎಂದು ಗೊತ್ತಿತ್ತು, ಬೀಳಲಿ ಎಂದೇ ಸುಮ್ಮನಿದ್ದೆ.

ಆಗಿನಿಂದ ಐದು ಯುಗಾದಿ ಕಳೆದಿವೆ. ಪ್ಲಾಸ್ಟಿಕ್ ಹಳದಿಗೆ ತಿರುಗಿದೆ, ಸೈರನ್ನಿನ ಗಂಟಲು ಸ್ವಲ್ಪ ಕಟ್ಟಿದೆ, ಸೆಟ್ಟು ಇನ್ನೂ ಕೆಲಸ ಮಾಡುತ್ತಿದೆ. ನಾನು ಹಾಕಿದವುಗಳಲ್ಲಿ ಇಷ್ಟು ಬಾಳಿಕೆ ಬಂದದ್ದು ಕಡಿಮೆ. ಪ್ರತಿ ವರ್ಷ ಹೋಗಿ ಬ್ಯಾಟರಿ ಬದಲಿಸುತ್ತೇನೆ, ಒಂದೊಂದೇ ಬಾಗಿಲು ತೆರೆದು ಕೂಗಿಸುತ್ತೇನೆ. ಈಗ ಕಾಫಿ ಲೋಟ ಅವರೇ ಒಳಗೆ ತೆಗೆದುಕೊಂಡು ಹೋಗುತ್ತಾರೆ. ದೇವರ ಮನೆಯ ಬಾಗಿಲಿಗೆ ಬಂದಾಗ ಅಮ್ಮಾವ್ರು ಪ್ರತಿ ಸಲ ಒಂದೇ ಮಾತು ಕೇಳುತ್ತಾರೆ. ಹತ್ತು ಜನರ ಎದುರು ತಮ್ಮ ತಪ್ಪನ್ನು ಹೇಳಿ ನನ್ನ ಮಾನ ಉಳಿಸಿದ ಹೆಂಗಸು, ನನ್ನ ಪಾಲಿನದನ್ನೂ ತಮ್ಮ ತಲೆಯ ಮೇಲೇ ಹೊತ್ತುಕೊಂಡು ಕೇಳುತ್ತಾರೆ.

'ಅದು ಬೀಳೋ ಅಂಗೆ ನಾನೇ ಜೋರಾಗಿ ಉಜ್ಬುಟ್ನೇನೋ ಕಣಪ್ಪ. ಇಲ್ದೆ ಓದ್ರೆ ಯಾಕೆ ಬೀಳ್ತಿತ್ತು?'

'ಗೊತ್ತಿಲ್ಲ ಅಮ್ಮಾ' ಎಂದು ಈ ಯುಗಾದಿಗೂ ಹೇಳಿ ಬಂದೆ.